‘ಫಿದೇ ಎತ್ ಲಬೋರೆ’: ಲ್ಯಾಟಿನ್ ಧ್ಯೇಯವಾಕ್ಯದ ವಿಭಕ್ತಿಯನ್ನು ಕನ್ನಡದಲ್ಲಿ ಉಳಿಸುವುದು ಹೇಗೆ?

ಬಲ್ಲವರೆಲ್ಲರಿಗೂ ನಮಸ್ಕಾರ. ಎರಡು ಲ್ಯಾಟಿನ್ ಧ್ಯೇಯವಾಕ್ಯಗಳ ಕನ್ನಡ ರೂಪದ ಬಗ್ಗೆ ನನಗೊಂದು ವಿಚಾರಣೆಯಿದೆ. ಮೊದಲನೆಯದು ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ‘ಫಿದೇ ಎತ್ ಲಬೋರೆ’. ಎರಡನೆಯದು 1880ರಲ್ಲಿ ಯೇಸುಸಭೆಯ ಪಾದ್ರಿಗಳು ಮಂಗಳೂರಿನಲ್ಲಿ ತೆರೆದ ಸಂತ ಅಲೋಶಿಯಸ್ ಕಾಲೇಜಿನ ‘ಲೂಕೆತ್ ಎತ್ ಆರ್ದೆತ್’. ಪರಿಚಯದ ಹಿರಿಯರೊಬ್ಬರು ನಮ್ಮ ನಾಡಿನ ಹಳೆಯ ವಿದ್ಯಾಸಂಸ್ಥೆಗಳ ಧ್ಯೇಯವಾಕ್ಯಗಳನ್ನು ಕುರಿತು ಒಂದು ಸಣ್ಣ ಲೇಖನ ಬರೆದು, ಕರಡು ತಿದ್ದಿಕೊಡಲು ನನಗೆ ಕಳುಹಿಸಿದ್ದಾರೆ. ಅದರಲ್ಲಿ ಮೊದಲನೆಯದಕ್ಕೆ ‘ನಂಬಿಕೆ ಮತ್ತು ದುಡಿಮೆ’ ಎಂದೂ, ಎರಡನೆಯದಕ್ಕೆ ‘ಬೆಳಗುತ್ತದೆ ಮತ್ತು ಉರಿಯುತ್ತದೆ’ ಎಂದೂ ಅರ್ಥ ಕೊಟ್ಟಿದ್ದಾರೆ. ಎರಡನ್ನೂ ತಪ್ಪೆಂದು ಹೊಡೆದುಹಾಕುವಂತಿಲ್ಲ. ಆದರೂ ಎರಡರಲ್ಲೂ ಏನೋ ಉದುರಿಹೋಗಿದೆ ಎಂದು ನನಗೆ ಅನ್ನಿಸಿತು. ಏನು ಉದುರಿದೆ ಎಂದು ಹುಡುಕುತ್ತ ಹೋದಾಗ ಕಂಡದ್ದನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅನುಮಾನ ಇಷ್ಟು. ನಾವು ಲ್ಯಾಟಿನ್ ನುಡಿಗಳನ್ನು ಬಹುಪಾಲು ಇಂಗ್ಲಿಷಿನ ಮೂಲಕವೇ ಕನ್ನಡಕ್ಕೆ ತರುತ್ತೇವೆ. ಇಂಗ್ಲಿಷಿನ ನಾಮಪದಗಳಲ್ಲಿ ವಿಭಕ್ತಿಪ್ರತ್ಯಯಗಳು ಹೆಚ್ಚುಕಡಿಮೆ ಅಳಿಸಿಹೋಗಿವೆ. ಕ್ರಿಯಾಪದವಂತೂ ಕರ್ತೃಪದದ ಆಸರೆಯಿಲ್ಲದೆ ನಿಲ್ಲುವುದಿಲ್ಲ. ಲ್ಯಾಟಿನ್ನಿನ ನಡೆ ಹಾಗಲ್ಲ. ಅಲ್ಲಿ ನಾಮಪದದ ಕೊನೆಯ ಅಕ್ಷರವೇ ಆ ಪದ ವಾಕ್ಯದಲ್ಲಿ ಮಾಡುವ ಕೆಲಸವನ್ನು ಹೇಳುತ್ತದೆ, ಕ್ರಿಯಾಪದದ ಕೊನೆಯೇ ಮಾಡಿದವರು ಯಾರೆಂದು ಹೇಳುತ್ತದೆ. ಇದು ನಮಗೆ ಹೊಸದಲ್ಲ, ದಿನವೂ ಆಡುವ ಕನ್ನಡದ ನಡೆಯೇ ಇದು. ಹೀಗಿರುವಾಗ ಲ್ಯಾಟಿನ್ನಿನಿಂದ ಕನ್ನಡಕ್ಕೆ ನೇರವಾದ ದಾರಿಯಿದ್ದೂ ನಾವು ಸುತ್ತಿ ಬರುತ್ತಿದ್ದೇವೆ, ಬರುವ ದಾರಿಯಲ್ಲಿ ಪ್ರತ್ಯಯಗಳನ್ನು ಕಳೆದುಕೊಳ್ಳುತ್ತಿದ್ದೇವೆ ಎಂಬುದು ನನ್ನ ತಕರಾರು.

‘ಫಿದೇ ಎತ್ ಲಬೋರೆ’ಯನ್ನೇ ನೋಡೋಣ. ‘ಫಿದೆಸ್’ ಎಂದರೆ ನಂಬಿಕೆ, ‘ಲಬೋರ್’ ಎಂದರೆ ದುಡಿಮೆ, ಶ್ರಮ. ಧ್ಯೇಯವಾಕ್ಯದಲ್ಲಿ ಇರುವುದು ಈ ಮೂಲ ರೂಪಗಳಲ್ಲ. ‘ಫಿದೇ’, ‘ಲಬೋರೆ’ ಎಂಬ ವಿಭಕ್ತಿರೂಪಗಳು. ಲ್ಯಾಟಿನ್ ವ್ಯಾಕರಣದಲ್ಲಿ ಈ ವಿಭಕ್ತಿಗೆ ಅಬ್ಲಟಿವ್ ಎಂದು ಹೆಸರು. ಆದ್ದರಿಂದ ಇದರ ಅರ್ಥ ‘ನಂಬಿಕೆಯಿಂದ, ದುಡಿಮೆಯಿಂದ’ ಎಂದಾಗುತ್ತದೆ. ‘ನಂಬಿಕೆ ಮತ್ತು ದುಡಿಮೆ’ ಎಂದರೆ ಎರಡು ಗುಣಗಳ ಹೆಸರನ್ನು ಪಕ್ಕಪಕ್ಕದಲ್ಲಿ ಬರೆದಿಟ್ಟಂತೆ. ‘ನಂಬಿಕೆಯಿಂದ, ದುಡಿಮೆಯಿಂದ’ ಎಂದರೆ ಅವುಗಳ ಮೂಲಕ ಏನೋ ಆಗಬೇಕಾಗಿದೆ, ಯಾರೋ ಏನನ್ನೋ ಮಾಡಬೇಕಾಗಿದೆ ಎಂಬ ಅಪೇಕ್ಷೆ ಹುಟ್ಟುತ್ತದೆ. ಆ ಕ್ರಿಯಾಪದವನ್ನು ಲ್ಯಾಟಿನ್ ಹೇಳದೆ ಬಿಟ್ಟಿದೆ. ಓದು, ಬೆಳೆ, ಗೆಲ್ಲು, ಸೇವೆ ಮಾಡು, ಹೀಗೆ ಓದುವವರು ತಮ್ಮ ಕ್ರಿಯಾಪದವನ್ನು ತಾವೇ ತುಂಬಿಕೊಳ್ಳಬಹುದು. ಒಂದೇ ಒಂದು ‘ಇಂದ’ವನ್ನು ಕೈಬಿಟ್ಟರೆ ಈ ಅವಕಾಶವೆಲ್ಲ ಮುಚ್ಚಿಹೋಗುತ್ತದೆ.

ಈ ಪ್ರತ್ಯಯ ಎಷ್ಟು ಮುಖ್ಯ ಎಂಬುದನ್ನು ಇದಕ್ಕೆ ತೀರ ಹತ್ತಿರವಾಗಿ ಕೇಳಿಸುವ ಇನ್ನೊಂದು ನುಡಿಯ ಪಕ್ಕದಲ್ಲಿಟ್ಟು ನೋಡಬಹುದು. ಬೆನೆಡಿಕ್ಟನ ಪಂಥದ ಸನ್ಯಾಸಿಗಳ ನುಡಿಯೆಂದು ಹೆಸರಾದ ‘ಓರಾ ಎತ್ ಲಬೋರಾ’ ಎಂಬುದು ಹಲವು ಕ್ರೈಸ್ತ ಶಾಲೆಗಳ ಗೋಡೆಯ ಮೇಲಿದೆ. (ಬೆನೆಡಿಕ್ಟ್ ಬರೆದ ನಿಯಮಾವಳಿಯಲ್ಲಿ ಈ ಮಾತು ಇದೇ ರೂಪದಲ್ಲಿ ಸಿಗುವುದಿಲ್ಲ, ಅದು ಆಮೇಲೆ ರೂಢಿಗೆ ಬಂದದ್ದು.) ಇಲ್ಲಿನ ‘ಲಬೋರಾ’ ನಾಮಪದವಲ್ಲ, ವಿಧ್ಯರ್ಥದ ಕ್ರಿಯಾಪದ: ‘ಪ್ರಾರ್ಥಿಸು, ದುಡಿ’. ಕೊನೆಯ ಸ್ವರ ‘ಎ’ ಆದರೆ ‘ದುಡಿಮೆಯಿಂದ’, ‘ಆ’ ಆದರೆ ‘ದುಡಿ’. ಇಂಗ್ಲಿಷಿನಲ್ಲಿ ದುಡಿಮೆಗೂ ದುಡಿ ಎಂಬುದಕ್ಕೂ ಒಂದೇ ಪದ ಸಾಗುವುದರಿಂದ, ಅಲ್ಲಿಂದ ಅನುವಾದಿಸಿದಾಗ ಎರಡು ಧ್ಯೇಯವಾಕ್ಯಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಕನ್ನಡದಲ್ಲಿ ಅದು ನಿಚ್ಚಳವಾಗಿ ಉಳಿಯುತ್ತದೆ.

ಈ ಅಬ್ಲಟಿವ್ ನಮಗೆ ಎಷ್ಟು ಒಗ್ಗುತ್ತದೆ ಎಂಬುದು ನನಗೆ ನಿಜಕ್ಕೂ ಸಂತೋಷ ಕೊಟ್ಟ ಸಂಗತಿ. ಸಂಸ್ಕೃತವು ತೃತೀಯೆ, ಪಂಚಮಿ, ಸಪ್ತಮಿ ಎಂದು ಬೇರೆಬೇರೆಯಾಗಿ ಉಳಿಸಿಕೊಂಡ ಮೂರು ಕೆಲಸಗಳನ್ನು ಲ್ಯಾಟಿನ್ ಒಂದೇ ವಿಭಕ್ತಿಯಲ್ಲಿ ಕೂಡಿಸಿಬಿಟ್ಟಿತು. ಕೊಡಲಿಯಿಂದ ಕಡಿಯುವುದೂ ಅಬ್ಲಟಿವ್, ಊರಿನಿಂದ ಹೊರಡುವುದೂ ಅಬ್ಲಟಿವ್, ಮನೆಯಲ್ಲಿ ಇರುವುದಕ್ಕೂ ಒಂದು ಉಪಪದ ಸೇರಿಸಿ ಅದೇ ಅಬ್ಲಟಿವ್. ಕನ್ನಡವನ್ನು ನೋಡಿ. ಕೇಶಿರಾಜನು ಪಂಚಮಿಗೆ ‘ಅತ್ತಣಿಂ’ ಎಂದು ಬೇರೆ ಪ್ರತ್ಯಯ ಹೇಳಿದ್ದಾನೆ. ನಮ್ಮ ಶಾಲಾ ವ್ಯಾಕರಣಗಳು ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿಸುತ್ತವೆ. ಆದರೆ ‘ಮರದ ದೆಸೆಯಿಂದ ಹಣ್ಣು ಬಿತ್ತು’ ಎಂದು ಯಾರೂ ಹೇಳುವುದಿಲ್ಲ. ಮರದಿಂದ ಹಣ್ಣು ಬೀಳುತ್ತದೆ, ಕೋಲಿನಿಂದ ಹಾವು ಸಾಯುತ್ತದೆ, ಎರಡಕ್ಕೂ ಒಂದೇ ‘ಇಂದ’. ಕನ್ನಡಕ್ಕೆ ಪಂಚಮಿಯೆಂಬ ಬೇರೆ ವಿಭಕ್ತಿಯೇ ಇಲ್ಲ ಎಂದು ವಿದ್ವಾಂಸರು ವಾದಿಸಿರುವುದು ಇದೇ ಕಾರಣಕ್ಕೆ. ಸಂಸ್ಕೃತದ ಅಚ್ಚಿಗೆ ಹೊಂದದ ನಮ್ಮ ‘ಇಂದ’ ಲ್ಯಾಟಿನ್ನಿನ ಅಬ್ಲಟಿವ್‌ಗೆ ಮುಕ್ಕಾಲು ಪಾಲು ಹೊಂದಿಕೊಳ್ಳುತ್ತದೆ.

ಹಾಗೆಂದು ಅಬ್ಲಟಿವ್ ಕಂಡಲ್ಲೆಲ್ಲ ‘ಇಂದ’ವನ್ನು ಯಾಂತ್ರಿಕವಾಗಿ ಹಚ್ಚಬೇಕು ಎಂದು ನಾನು ಹೇಳುತ್ತಿಲ್ಲ. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾನಿಲಯದ ‘ನ ಹಿ ಜ್ಞಾನೇನ ಸದೃಶಂ’ ಎಂಬ ಧ್ಯೇಯವಾಕ್ಯ ಇದಕ್ಕೆ ಒಳ್ಳೆಯ ಎಚ್ಚರಿಕೆ. ಭಗವದ್ಗೀತೆಯ ನಾಲ್ಕನೆಯ ಅಧ್ಯಾಯದ ಈ ಮಾತಿನಲ್ಲಿ ‘ಜ್ಞಾನೇನ’ ಎಂಬುದು ತೃತೀಯೆ. ಕನ್ನಡಿಸುವಾಗ ಯಾರೂ ‘ಜ್ಞಾನದಿಂದ ಸಮಾನವಾದುದಿಲ್ಲ’ ಎನ್ನುವುದಿಲ್ಲ, ‘ಜ್ಞಾನಕ್ಕೆ ಸಮಾನವಾದುದಿಲ್ಲ’ ಎಂದು ಚತುರ್ಥಿಗೆ ತಿರುಗಿಸಿಕೊಳ್ಳುತ್ತೇವೆ, ಏಕೆಂದರೆ ‘ಸಮ’ ಎಂಬ ಪದ ಕನ್ನಡದಲ್ಲಿ ‘ಕ್ಕೆ’ಯನ್ನೇ ಬೇಡುತ್ತದೆ. ಮೂಲದ ವಿಭಕ್ತಿಯನ್ನು ಗುರುತಿಸುವುದು ಮೊದಲ ಹೆಜ್ಜೆ, ಕನ್ನಡದ ಕ್ರಿಯೆಗೆ ಯಾವುದು ಒಪ್ಪುತ್ತದೆ ಎಂದು ನೋಡುವುದು ಎರಡನೆಯದು. ಕರಡಿನಲ್ಲಿ ಮೊದಲ ಹೆಜ್ಜೆಯೇ ತಪ್ಪಿಹೋಗಿತ್ತು.

ಪ್ರತ್ಯಯ ಇತ್ಯರ್ಥವಾದ ಮೇಲೂ ‘ಫಿದೆಸ್’ ಎಂಬುದಕ್ಕೆ ‘ನಂಬಿಕೆ’ ಎನ್ನಬೇಕೋ ‘ವಿಶ್ವಾಸ’ ಎನ್ನಬೇಕೋ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮ ಕಥೋಲಿಕ ಕ್ರೈಸ್ತರ ಕನ್ನಡದಲ್ಲಿ ದೇವರ ಮೇಲಿನ ನಂಬಿಕೆಗೆ ‘ವಿಶ್ವಾಸ’ ಎಂಬ ಪದವೇ ರೂಢಿ, ನಂಬಿದವರು ‘ವಿಶ್ವಾಸಿಗಳು’. ಉಳಿದವರ ಬಳಕೆಯಲ್ಲಿ ‘ವಿಶ್ವಾಸ’ಕ್ಕೆ ಒಲವಿನ, ಸ್ನೇಹದ ಬಣ್ಣ ಹೆಚ್ಚು: ‘ನಿಮ್ಮ ವಿಶ್ವಾಸ ಹೀಗೇ ಇರಲಿ’ ಎನ್ನುವಾಗ ಯಾರೂ ದೇವರನ್ನು ನೆನೆಯುವುದಿಲ್ಲ. ರೋಮನ್ನರ ‘ಫಿದೆಸ್’ ಮೂಲದಲ್ಲಿ ದೇವರ ನಂಬಿಕೆಯಷ್ಟೇ ಅಲ್ಲ. ಕೊಟ್ಟ ಮಾತಿಗೆ ತಪ್ಪದಿರುವುದು, ನೆಚ್ಚಿದವರ ಕೈಬಿಡದಿರುವುದು ಎಂಬುದೆಲ್ಲ ಅದರೊಳಗಿದೆ. ನಾವು ಕಾಗದದ ಕೊನೆಯಲ್ಲಿ ‘ಇತಿ ತಮ್ಮ ವಿಶ್ವಾಸಿ’ ಎಂದು ಬರೆದು ರುಜು ಹಾಕುತ್ತೇವಲ್ಲ, ಆ ವಿಶ್ವಾಸ ರೋಮನ್ನರ ಫಿದೆಸ್‌ಗೆ ಬಹಳ ಸಮೀಪದ್ದು. ಸೇಂಟ್ ಜೋಸೆಫ್ ಕಥೋಲಿಕ ಸಂಸ್ಥೆಯಾದ್ದರಿಂದ ‘ವಿಶ್ವಾಸದಿಂದ, ದುಡಿಮೆಯಿಂದ’ ಎಂಬುದು ಎರಡು ಕಡೆಯಿಂದಲೂ ಒಪ್ಪುತ್ತದೆ ಎಂದು ನನ್ನ ಅಭಿಪ್ರಾಯ. ‘ದುಡಿಮೆ’ಯ ಜಾಗದಲ್ಲಿ ‘ಕಾಯಕ’ ಎಂದರೆ ಹೇಗೆ ಎಂದು ಹಿರಿಯರು ಕೇಳಿದರು. ನಾನು ಬೇಡವೆಂದೆ. ಕಾಯಕವೆಂಬುದು ಶರಣರು ತಮ್ಮದೇ ತತ್ತ್ವದ ತೂಕ ತುಂಬಿ ಬೆಳೆಸಿದ ಪದ, ಲ್ಯಾಟಿನ್ನಿನ ‘ಲಬೋರ್’ನಲ್ಲಿ ಆ ತೂಕವಿಲ್ಲ, ಅಲ್ಲಿರುವುದು ಬೆವರು, ಬಳಲಿಕೆ, ಕಷ್ಟ.

ಈ ‘ಫಿದೇ’ ನಮಗೆಲ್ಲ ಇನ್ನೊಂದು ದಾರಿಯಿಂದ ಚೆನ್ನಾಗಿ ಪರಿಚಯವಿದೆ. ತಂಗಿಯ ಮಗನ ವಿದ್ಯಾರ್ಥಿವೇತನದ ಅರ್ಜಿಗೆಂದು ಕಳೆದ ವರ್ಷ ಅವನ ಶಾಲೆಗೆ ‘ಬೋನಾಫೈಡ್’ ತರಲು ಹೋಗಿದ್ದೆ. ಗುಮಾಸ್ತರು ಮುದ್ರಿತ ಪುಸ್ತಕವೊಂದನ್ನು ತೆರೆದು, ಖಾಲಿ ಬಿಟ್ಟ ಗೆರೆಯ ಮೇಲೆ ಹುಡುಗನ ಹೆಸರು, ತಂದೆಯ ಹೆಸರು, ತರಗತಿ, ಹುಟ್ಟಿದ ದಿನಾಂಕ ತುಂಬಿ, ನೇರಳೆ ಶಾಯಿಯ ಗುಂಡು ಮೊಹರು ಒತ್ತಿ ಹರಿದುಕೊಟ್ಟರು. ಅದರಲ್ಲಿ ‘ಈ ಸಂಸ್ಥೆಯ ಬೋನಾಫೈಡ್ ವಿದ್ಯಾರ್ಥಿ’ ಎಂದು ಅಚ್ಚಾಗಿತ್ತು. ಆ ಪದವನ್ನು ಲ್ಯಾಟಿನ್ನಿನಂತೆ ಓದಿದರೆ ‘ಬೊನಾ ಫಿದೇ’, ಅಂದರೆ ‘ಒಳ್ಳೆಯ ನಂಬಿಕೆಯಿಂದ’, ಸದ್ಭಾವದಿಂದ. ಸೇಂಟ್ ಜೋಸೆಫ್ ಲಾಂಛನದಲ್ಲಿರುವುದೇ ಈ ಪದ, ಅದೇ ವಿಭಕ್ತಿ. ಆದ್ದರಿಂದ ‘ಬೋನಾಫೈಡ್ ವಿದ್ಯಾರ್ಥಿ’ ಎಂದರೆ ಅಕ್ಷರಶಃ ‘ಒಳ್ಳೆಯ ನಂಬಿಕೆಯಿಂದ ವಿದ್ಯಾರ್ಥಿ’. ಮೂಲದಲ್ಲಿ ಕ್ರಿಯಾವಿಶೇಷಣವಾಗಿದ್ದ ನುಡಿ ಇಂಗ್ಲಿಷಿನಲ್ಲಿ ‘ನಿಜವಾದ’ ಎಂಬ ವಿಶೇಷಣವಾಯಿತು, ನಮ್ಮಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಕಾಗದದ ಹೆಸರೇ ಆಯಿತು: ‘ಬೋನಾಫೈಡ್ ತಗೊಂಡ್ ಬಾ’. ‘ಇಂದ’ ಎಂಬ ಪ್ರತ್ಯಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅದು ನಾಮಪದವಾಗಿ ಓಡಾಡುತ್ತಿದೆ. ಇದು ಬಳಕೆಯಲ್ಲಿ ಬೇರೂರಿದ ಪದ, ಬದಲಿಸಬೇಕಾಗಿಲ್ಲ. ಬದಲಿಸುವುದಾದರೆ ಕಚೇರಿಗಳಲ್ಲಿ ಈಗಾಗಲೇ ಇರುವ ‘ವ್ಯಾಸಂಗ ಪ್ರಮಾಣಪತ್ರ’ವೇ ಸಾಕು.

ನ್ಯಾಯಾಲಯದ ವರದಿಗಳಲ್ಲಿ ಕಾಣುವ ಇನ್ನೆರಡು ಅಬ್ಲಟಿವ್‌ಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ‘ಸುಮೊಟೊ’ ಎಂದು ಪತ್ರಿಕೆಗಳು ಬರೆಯುವುದರ ಸರಿಯಾದ ರೂಪ ‘ಸುವೋ ಮೋತೂ’: ‘ತನ್ನದೇ ಚಲನೆಯಿಂದ’. ಇದಕ್ಕೆ ‘ಸ್ವಯಂಪ್ರೇರಿತವಾಗಿ’ ಎಂಬುದು ಒಳ್ಳೆಯ ಪದ, ಕೆಲವೆಡೆ ಕಾಣುವ ‘ಸ್ವಯಂಪ್ರೇರಿತ ಪ್ರಕರಣ’ ಅಷ್ಟು ಒಳ್ಳೆಯದಲ್ಲ, ಏಕೆಂದರೆ ಪ್ರೇರಣೆ ಹುಟ್ಟಿದ್ದು ನ್ಯಾಯಾಲಯದಲ್ಲಿ, ಪ್ರಕರಣದಲ್ಲಲ್ಲ. ‘ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣ’ ಎಂದರೆ ಅರ್ಥವೂ ಸರಿ, ಕನ್ನಡವೂ ಸರಿ. ಸಂವಿಧಾನದ 32 ಮತ್ತು 226ನೆಯ ಅನುಚ್ಛೇದಗಳಲ್ಲಿ ಹೆಸರಿಸಿರುವ ‘ಕೋ ವಾರಂಟೊ’ ಎಂದರೆ ‘ಯಾವ ಅಧಿಕಾರದಿಂದ?’. ಅದೊಂದು ನೇರವಾದ ಪ್ರಶ್ನೆ. ಇಲ್ಲಿನ ‘ವಾರಂಟ್’ ಶುದ್ಧ ಲ್ಯಾಟಿನ್ ಪದವೂ ಅಲ್ಲ. ಫ್ರಾನ್ಸಿನ ಉತ್ತರದಲ್ಲಿ ಬಳಕೆಯಲ್ಲಿದ್ದ, ಜರ್ಮನಿಕ್ ಮೂಲದ ಪದಕ್ಕೆ ಮಧ್ಯಯುಗದ ಇಂಗ್ಲೆಂಡಿನ ಗುಮಾಸ್ತರು ಲ್ಯಾಟಿನ್ ಪ್ರತ್ಯಯ ಹಚ್ಚಿದರು. ನಮ್ಮ ಕಂದಾಯ ಕಚೇರಿಗಳಲ್ಲಿ ಪಾರ್ಸಿ, ಅರಬ್ಬಿ ಪದಗಳಿಗೆ ಕನ್ನಡ ಪ್ರತ್ಯಯ ಹಚ್ಚಿ ‘ಜಮೀನಿನಿಂದ’, ‘ಫಸಲಿಗೆ’ ಎಂದು ಬರೆಯುತ್ತ ಬಂದ ರೀತಿಯೇ ಇದು. ಇನ್ನು ‘ಪ್ರೈಮಾ ಫೇಸಿ’ ಎಂಬುದಕ್ಕೆ ಕನ್ನಡ ಕಂಡುಕೊಂಡ ‘ಮೇಲ್ನೋಟಕ್ಕೆ’ ಎಂಬ ಪದವನ್ನು ನಾನು ಯಾವಾಗಲೂ ಮೆಚ್ಚುತ್ತೇನೆ. ಅಲ್ಲಿ ಅಬ್ಲಟಿವ್, ಇಲ್ಲಿ ಚತುರ್ಥಿ. ಆದರೂ ಕೂದಲೆಳೆಯಷ್ಟೂ ಅರ್ಥ ತಪ್ಪಿಲ್ಲ.

ಕರಡಿನಲ್ಲಿ ಅಮೆರಿಕದ ಮುದ್ರೆಯ ‘ಏ ಪ್ಲೂರಿಬುಸ್ ಊನುಮ್’ ಕೂಡ ಇತ್ತು, ಎದುರಿಗೆ ‘ವಿವಿಧತೆಯಲ್ಲಿ ಏಕತೆ’ ಎಂದು ಬರೆದಿದ್ದರು. ಇದು ನನ್ನ ಮಟ್ಟಿಗೆ ಒಪ್ಪಲಾಗದ ಅನುವಾದ. 1782ರಲ್ಲಿ ಅಂಗೀಕಾರವಾದ ಆ ಮುದ್ರೆಯ ಮಾತಿನಲ್ಲಿ ‘ಏ’ ಎಂಬುದು ‘ಒಳಗಿನಿಂದ ಹೊರಗೆ’ ಎಂಬ ಅರ್ಥದ ಉಪಪದ, ‘ಪ್ಲೂರಿಬುಸ್’ ಬಹುವಚನದ ಅಬ್ಲಟಿವ್: ‘ಹಲವುಗಳಿಂದ ಒಂದು’. ಹದಿಮೂರು ವಸಾಹತುಗಳು ಕೂಡಿ ಒಂದು ರಾಷ್ಟ್ರವಾಯಿತು ಎಂಬುದು ಅದರ ಆಶಯ. ಹಲವು ಇದ್ದದ್ದು ಮೊದಲು, ಒಂದು ಆದದ್ದು ಆಮೇಲೆ, ಅಲ್ಲೊಂದು ಚಲನೆಯಿದೆ. ‘ವಿವಿಧತೆಯಲ್ಲಿ ಏಕತೆ’ಯಲ್ಲಿ ಆ ಚಲನೆಯಿಲ್ಲ, ಎರಡೂ ಒಟ್ಟಿಗೇ ಇರುತ್ತವೆ. ಅದಕ್ಕೆ ಸರಿಹೊಂದುವ ಲ್ಯಾಟಿನ್ ಮಾತು ಬೇರೆಯೇ ಇದೆ: 2000ದಲ್ಲಿ ಐರೋಪ್ಯ ಒಕ್ಕೂಟ ಆರಿಸಿಕೊಂಡ ‘ಇನ್ ವರಿಯೆತಾತೆ ಕೊಂಕೊರ್ದಿಯಾ’. ಇಲ್ಲೂ ಅಬ್ಲಟಿವ್ ಇದೆ, ಆದರೆ ‘ಇನ್’ ಎಂಬ ಉಪಪದದ ಜೊತೆಗೆ ಬಂದು ಸಪ್ತಮಿಯ ‘ಅಲ್ಲಿ’ ಆಗಿದೆ. ಒಂದೇ ವಿಭಕ್ತಿ ಒಂದು ಕಡೆ ‘ಇಂದ’, ಇನ್ನೊಂದು ಕಡೆ ‘ಅಲ್ಲಿ’. ಈ ವ್ಯತ್ಯಾಸ ಅಳಿಸಿದರೆ ಎರಡು ಭೂಖಂಡಗಳ ಎರಡು ಬೇರೆ ಆಶಯಗಳು ಒಂದೇ ಸವಕಲು ಘೋಷಣೆಯಾಗಿಬಿಡುತ್ತವೆ.

‘ಏ ಪ್ಲೂರಿಬುಸ್ ಊನುಮ್’ಗೆ ಹತ್ತಿರದ ಒಂದು ಸಾಲು ವರ್ಜಿಲನ ಹೆಸರಿನಲ್ಲಿ ಪ್ರಚಾರದಲ್ಲಿದ್ದ ಒಂದು ಚಿಕ್ಕ ಲ್ಯಾಟಿನ್ ಕವಿತೆಯಲ್ಲಿದೆ. ಬಡ ರೈತನೊಬ್ಬ ಬೆಳಗಿನ ಜಾವ ಎದ್ದು ರೊಟ್ಟಿಗೆ ನಂಚಿಕೊಳ್ಳಲು ಬೆಳ್ಳುಳ್ಳಿ, ಉಪ್ಪು, ಗಿಣ್ಣು, ಸೊಪ್ಪುಗಳನ್ನು ಒರಳಿಗೆ ಹಾಕಿ ಅರೆಯುತ್ತಾನೆ. ಕೈ ಸುತ್ತುತ್ತ ಹೋದಂತೆ ಒಂದೊಂದೂ ತನ್ನ ಸ್ವಂತ ಕಸುವನ್ನು ಮೆಲ್ಲಗೆ ಕಳೆದುಕೊಂಡು, ಹಲವುಗಳಿಂದ ಬಣ್ಣವೊಂದಾಗುತ್ತದೆ ಎಂದು ಕವಿ ಹೇಳುತ್ತಾನೆ. ಒರಳಿನಲ್ಲಿ ಚಟ್ನಿ ಅರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಕೊತ್ತಂಬರಿಯ ಹಸಿರು, ಕಾಯಿಯ ಬಿಳುಪು, ಹುಣಸೆಯ ಕಂದು ಎಲ್ಲ ಸೇರಿ ಹೆಸರಿಲ್ಲದ ಒಂದೇ ಬಣ್ಣವಾಗುವ ಆ ಗಳಿಗೆಯೇ ‘ಏ ಪ್ಲೂರಿಬುಸ್’. ಕವಿತೆಯಲ್ಲಿ ‘ಬಣ್ಣ’ ಪುಲ್ಲಿಂಗವಾದ್ದರಿಂದ ‘ಊನುಸ್’ ಎಂದಿದೆ, ಮುದ್ರೆಯಲ್ಲಿ ನಪುಂಸಕದ ‘ಊನುಮ್’ ಇದೆ. ಅದರಿಂದ ನಮಗೆ ಅನುಕೂಲವೇ: ‘ಒಬ್ಬ’ ಅಲ್ಲ, ‘ಒಂದು’.

ಇಷ್ಟು ವಿಭಕ್ತಿಯ ಮಾತಾಯಿತು. ಕ್ರಿಯಾಪದದಲ್ಲೂ ಇದೇ ಕಥೆ. ಕ್ರಿಸ್ತಪೂರ್ವ 47ರಲ್ಲಿ ಜ್ಯೂಲಿಯಸ್ ಸೀಸರ್ ಪೊಂಟಸ್ಸಿನ ದೊರೆ ಫಾರ್ನಕೇಸನನ್ನು ಝೇಲಾ ಎಂಬಲ್ಲಿ ಸೋಲಿಸಿದ ಮೇಲೆ ಹೇಳಿದನೆಂಬ ಮಾತು ಕನ್ನಡದ ಹಲವು ಪುಸ್ತಕಗಳಲ್ಲಿ ‘ನಾನು ಬಂದೆ, ನಾನು ನೋಡಿದೆ, ನಾನು ಗೆದ್ದೆ’ ಎಂದು ಅಚ್ಚಾಗಿದೆ. ಲ್ಯಾಟಿನ್ನಿನಲ್ಲಿ ‘ನಾನು’ ಎಂಬ ಪದವೇ ಇಲ್ಲ. ‘ವೇನೀ, ವೀದೀ, ವೀಕೀ’. ಮೂರೇ ಪದ, ಪ್ರತಿಯೊಂದರ ಕೊನೆಯ ‘ಈ’ಯೇ ‘ನಾನು’. ಕನ್ನಡದಲ್ಲಿ ‘ಬಂದೆ, ಕಂಡೆ, ಗೆದ್ದೆ’. ಮೂರೇ ಪದ, ಪ್ರತಿಯೊಂದರ ಕೊನೆಯ ‘ಎ’ಯೇ ‘ನಾನು’. ಗ್ರೀಕಿನಲ್ಲಿ ಬರೆಯುತ್ತಿದ್ದ ಪ್ಲುಟಾರ್ಕ್ ಈ ಮಾತನ್ನು ತನ್ನ ಭಾಷೆಗೆ ತಿರುಗಿಸಿದ ಮೇಲೆ, ಲ್ಯಾಟಿನ್ನಿನಲ್ಲಿ ಈ ಪದಗಳು ಒಂದೇ ರೀತಿಯ ಪ್ರತ್ಯಯದಲ್ಲಿ ಮುಗಿಯುವುದರಿಂದ ಅಲ್ಲಿನ ಅಡಕಕ್ಕೆ ವಿಶೇಷವಾದ ಪರಿಣಾಮವಿದೆ ಎಂದು ಸೇರಿಸಿದ್ದಾನೆ. ಅದೇ ಅಡಕ ಕನ್ನಡದಲ್ಲಿ ಕೇಳದೆಯೇ ಒದಗಿಬರುತ್ತದೆ. ಲ್ಯಾಟಿನ್ನಿನಲ್ಲಿ ಆದಿಪ್ರಾಸವೂ ಇದೆ, ಅದು ನಮಗೆ ದಕ್ಕುವುದಿಲ್ಲ. ಆದರೆ ‘ಂದೆ, ಂಡೆ, ದ್ದೆ’ ಎಂಬ ಮೂರು ಒತ್ತಿನ ಏಟುಗಳಲ್ಲಿ ಬೇರೊಂದು ಬಿಗಿಯಿದೆ. ಇಷ್ಟಿದ್ದೂ ‘ನಾನು’ವನ್ನು ಮೂರು ಸಲ ಬರೆಯುವುದು ಇಂಗ್ಲಿಷಿನ ಕೊರತೆಯನ್ನು ನಾವು ಹೊತ್ತುಕೊಂಡಂತೆ. (ಲಿಪಿಯ ವಿಷಯದಲ್ಲೂ ನಮಗೊಂದು ಭಾಗ್ಯವಿದೆ. ಲ್ಯಾಟಿನ್ನಿನಲ್ಲಿ ‘ಎ–ಏ’, ‘ಒ–ಓ’ಗಳ ಹ್ರಸ್ವ–ದೀರ್ಘ ಭೇದ ಅರ್ಥವನ್ನೇ ಬದಲಿಸುತ್ತದೆ. ಸಂಸ್ಕೃತಕ್ಕೆಂದು ಬೆಳೆದ ನಾಗರಿಯಲ್ಲಿ ಹ್ರಸ್ವ ‘ಎ’, ‘ಒ’ಗಳಿಗೆ ರೂಢಿಯ ಅಕ್ಷರವಿಲ್ಲ, ನಮ್ಮ ಲಿಪಿಯಲ್ಲಿ ಇದೆ.)

ವಿಧ್ಯರ್ಥಕ್ಕೂ ಇದೇ ಹೊಂದಿಕೆ. ‘ಹೇಬಿಯಸ್ ಕಾರ್ಪಸ್’ ಎಂದರೆ ಒಂದು ಹೆಸರಲ್ಲ, ಅಪ್ಪಣೆಯೊಳಗಿನ ಎರಡು ಪದಗಳು. ಸೆರೆಯಲ್ಲಿಟ್ಟ ಅಧಿಕಾರಿಯನ್ನು ಕುರಿತು ‘ಆ ವ್ಯಕ್ತಿಯನ್ನು ನೀನು ಹಾಜರುಪಡಿಸತಕ್ಕದ್ದು’ ಎಂದು ದೊರೆಯ ಹೆಸರಿನಲ್ಲಿ ಹೇಳುವ ಮಾತು. ‘ತಕ್ಕದ್ದು’ ಎಂಬ ನಮ್ಮ ಕಾನೂನು ಕನ್ನಡದ ರೂಪ ಆ ಕ್ರಿಯಾಪದದ ಧ್ವನಿಯನ್ನು ಹಾಗೆಯೇ ಹಿಡಿಯುತ್ತದೆ. ‘ಬಂದೀ ಪ್ರತ್ಯಕ್ಷೀಕರಣ’ ಎಂಬ ಪಾರಿಭಾಷಿಕದಲ್ಲಿ ಅರ್ಥವಿದೆ, ಅಪ್ಪಣೆಯಿಲ್ಲ. ‘ಕಾರ್ಪಸ್’ ಎಂದರೆ ದೇಹ ಎಂದು ಬಿಡಿಸುವವರೂ ಎಚ್ಚರವಹಿಸಬೇಕು. ಕನ್ನಡದಲ್ಲಿ ‘ದೇಹವನ್ನು ತಂದರು’ ಎಂದರೆ ಕೇಳುವವರ ಎದೆ ಧಸಕ್ಕೆನ್ನುತ್ತದೆ, ಇಲ್ಲಿ ತರಬೇಕಾಗಿರುವುದು ಜೀವಂತ ಮನುಷ್ಯನನ್ನು. ಹಾಗೆಯೇ ‘ಕೇವಿಯಟ್ ಸಲ್ಲಿಕೆ’ ಎಂದು ನಾವು ಓದುವ ಪದದ ಅರ್ಥ ‘ಎಚ್ಚರದಿಂದಿರಲಿ’. ದಿವಾನಿ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ಸೇರಿಸಿದ 148ಎ ಪ್ರಕರಣದಂತೆ, ತನ್ನ ಮಾತು ಕೇಳದೆ ಆದೇಶ ಮಾಡದಿರಲಿ ಎಂದು ಮುಂಚಿತವಾಗಿ ಕೊಡುವ ಈ ಅರ್ಜಿ 90 ದಿನಗಳವರೆಗೆ ಊರ್ಜಿತ. ಲ್ಯಾಟಿನ್ನಿನ ‘ಅತ್’ ಕನ್ನಡದ ‘ಅಲಿ’ ಆಗುತ್ತದೆ, ಅಷ್ಟೇ.

ಒಂದು ಮಾತು ಮಾತ್ರ ಧಾತುವಿನ ಬಗ್ಗೆ. ಹೊರೇಸ್ ಕವಿಯ ‘ಕರ್ಪೆ ದಿಯೆಮ್’ ಎಂಬುದನ್ನು ‘ದಿನವನ್ನು ವಶಪಡಿಸಿಕೋ’ ಎಂದು ಕನ್ನಡಿಸುವುದನ್ನು ನೋಡಿದ್ದೇನೆ. ‘ಕರ್ಪೆ’ ಎಂಬುದು ಹೂವನ್ನು, ಹಣ್ಣನ್ನು ಗಿಡದಿಂದ ಬಿಡಿಸಿಕೊಳ್ಳುವ ಕ್ರಿಯೆ. ದಂಡೆತ್ತಿ ಹೋಗಿ ಊರನ್ನು ವಶಪಡಿಸಿಕೊಳ್ಳುವುದಲ್ಲ. ನಸುಕಿನಲ್ಲಿ ಮಲ್ಲಿಗೆಯ ಮೊಗ್ಗು ಬಿಡಿಸುವವರ ಬೆರಳನ್ನು ನೋಡಿದವರಿಗೆ ಅದರ ಹದ ಗೊತ್ತು: ಹಿಡಿತ ಹಗುರ, ತಡಮಾಡುವಂತಿಲ್ಲ, ಬಿಸಿಲೇರಿದರೆ ಅರಳಿಬಿಡುತ್ತದೆ. ‘ಈ ದಿನವನ್ನು ಕೊಯ್ದುಕೋ, ನಾಳೆಯನ್ನು ಆದಷ್ಟು ಕಡಿಮೆ ನಂಬು’ ಎಂದು ಹೊರೇಸ್ ಹೇಳುತ್ತಾನೆ. ಅವನ ಮುಂದೆ ಇದ್ದವಳು ಹೆಣ್ಣು ಎಂಬುದನ್ನು ‘ನಂಬುವ’ ಎಂಬ ಪದದ ಸ್ತ್ರೀಲಿಂಗರೂಪ ಹೇಳುತ್ತದೆ.

ಈಗ ಮಂಗಳೂರಿನ ‘ಲೂಕೆತ್ ಎತ್ ಆರ್ದೆತ್’. (ಕಾಲೇಜು ಕಟ್ಟಿದ ಇಟಲಿಯ ಪಾದ್ರಿಗಳು ತಮ್ಮ ನಾಡಿನ ಚರ್ಚಿನ ಉಚ್ಚಾರಣೆಯಂತೆ ‘ಲೂಚೆತ್’ ಎನ್ನುತ್ತಿದ್ದಿರಬೇಕು.) ಇಲ್ಲಿ ನನ್ನ ಸಿದ್ಧಾಂತಕ್ಕೇ ತೊಡಕು ಬಂದಿದೆ, ನಿಮ್ಮ ಸಹಾಯ ಬೇಕಾಗಿರುವುದೂ ಇಲ್ಲೇ. ‘ಲೂಕೆತ್’, ‘ಆರ್ದೆತ್’ ಎರಡೂ ಪ್ರಥಮ ಪುರುಷ ಏಕವಚನದ ವರ್ತಮಾನಕಾಲ. ಕರ್ತೃಪದವಿಲ್ಲ, ಲಿಂಗವೂ ಇಲ್ಲ. ಅವನಾದರೂ ಅವಳಾದರೂ ಅದಾದರೂ ಲ್ಯಾಟಿನ್ನಿನಲ್ಲಿ ಒಂದೇ ರೂಪ. ಕನ್ನಡದಲ್ಲಿ ಬೆಳಗುತ್ತಾನೆ, ಬೆಳಗುತ್ತಾಳೆ, ಬೆಳಗುತ್ತದೆ ಎಂಬ ಮೂರರಲ್ಲಿ ಒಂದನ್ನು ಆರಿಸದೆ ವಾಕ್ಯ ಮುಗಿಯುವುದಿಲ್ಲ. ‘ಅಫಿಡವಿಟ್’ ಎಂಬ ಪದದಲ್ಲೂ ಇದೇ ತೊಡಕಿದೆ. ಅದೂ ‘ಫಿದೆಸ್’ನ ಬಳಗದ್ದೇ, ‘ಆಣೆಯಿಟ್ಟು ಹೇಳಿದ್ದಾನೆ’ ಅಥವಾ ‘ಹೇಳಿದ್ದಾಳೆ’ ಎಂಬ ಪೂರ್ಣ ಕ್ರಿಯಾಪದ. ಆದರೆ ಅದು ಛಾಪಾ ಕಾಗದದ ಹೆಸರಾಗಿ ಗಟ್ಟಿಯಾಗಿರುವುದರಿಂದ ಅನುವಾದಿಸುವ ಪ್ರಸಂಗ ಬರುವುದಿಲ್ಲ. ಧ್ಯೇಯವಾಕ್ಯವನ್ನು ಅನುವಾದಿಸಲೇಬೇಕು.

ಮೂಲ ಎಲ್ಲಿಯದು ಎಂದು ನೋಡಿದರೆ ಸ್ವಲ್ಪ ಬೆಳಕು ಸಿಗುತ್ತದೆ. ಯೋಹಾನನ ಸುವಾರ್ತೆಯ ಐದನೆಯ ಅಧ್ಯಾಯದ 35ನೆಯ ವಚನದಲ್ಲಿ ಯೇಸು ಸ್ನಾನಿಕ ಯೋಹಾನನನ್ನು ಕುರಿತು, ಅವನು ಉರಿಯುವ ಮತ್ತು ಬೆಳಗುವ ದೀಪವಾಗಿದ್ದ ಎನ್ನುತ್ತಾನೆ. ಲ್ಯಾಟಿನ್ ಬೈಬಲ್ಲಿನಲ್ಲಿ ಅದು ‘ಲುಕೆರ್ನಾ ಆರ್ದೆನ್ಸ್ ಎತ್ ಲೂಕೆನ್ಸ್’. ಅಲ್ಲಿ ಉರಿ ಮೊದಲು, ಬೆಳಕು ಆಮೇಲೆ. ಹನ್ನೆರಡನೆಯ ಶತಮಾನದ ಕ್ಲೇರ್ವೋ ಮಠದ ಬರ್ನಾರ್ಡ್ ಇದನ್ನೇ ಹಿಡಿದು, ಬರಿದೆ ಬೆಳಗುವುದು ವ್ಯರ್ಥ, ಬರಿದೆ ಉರಿಯುವುದು ಸಾಲದು, ಉರಿದು ಬೆಳಗುವುದೇ ಪೂರ್ಣತೆ ಎಂದು ಉಪದೇಶಿಸಿದ. ಕಾಲೇಜಿನ ಧ್ಯೇಯವಾಕ್ಯ ಆ ವಿಶೇಷಣಗಳನ್ನು ಕ್ರಿಯಾಪದಗಳಾಗಿ ಮಾಡಿ, ಕ್ರಮವನ್ನು ತಿರುಗಿಸಿದೆ: ಮೊದಲು ಬೆಳಕು, ಆಮೇಲೆ ಉರಿ. ವಚನದಲ್ಲಿ ಉರಿಯುತ್ತಿದ್ದವನು ಮನುಷ್ಯ, ಹೋಲಿಕೆ ದೀಪದ್ದು. ಹಾಗಾದರೆ ಕ್ರಿಯಾಪದಕ್ಕೆ ಯಾರ ಲಿಂಗ ಕೊಡಬೇಕು? ‘ಬೆಳಗುತ್ತದೆ’ ಎಂದರೆ ದೀಪ ಮಾತ್ರ ಉಳಿದು ವಿದ್ಯಾರ್ಥಿ ಮರೆಯಾಗುತ್ತಾನೆ. ‘ಬೆಳಗುತ್ತಾನೆ’ ಎಂದರೆ ಆ ತರಗತಿಗಳಲ್ಲಿ ಇಂದು ಕುಳಿತಿರುವ ಹೆಣ್ಣುಮಕ್ಕಳನ್ನು ಹೊರಗಿಟ್ಟಂತೆ.

ನಾನು ಯೋಚಿಸಿದ ಪರಿಹಾರಗಳಲ್ಲಿ ಯಾವುದೂ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ‘ಬೆಳಗುವರು, ಉರಿಯುವರು’ ಎಂಬ ಗೌರವದ ಬಹುವಚನ ಲಿಂಗದ ತೊಡಕನ್ನು ಕಳೆಯುತ್ತದೆ, ಆದರೆ ‘ಉರಿಯುವರು’ ಎಂಬುದಕ್ಕೆ ನಮ್ಮಲ್ಲಿ ಹೊಟ್ಟೆಕಿಚ್ಚಿನ ನೆರಳಿದೆ. ‘ಬೆಳಗಿ ಉರಿ’ ಎಂದು ವಿಧ್ಯರ್ಥಕ್ಕೆ ತಿರುಗಿಸಿದರೆ ಚಿಕ್ಕದಾಗಿ ಚೆನ್ನಾಗಿ ಕೇಳಿಸುತ್ತದೆ, ಆದರೆ ಲ್ಯಾಟಿನ್ ಯಾರಿಗೂ ಅಪ್ಪಣೆ ಕೊಡುತ್ತಿಲ್ಲ, ಇರುವುದನ್ನು ಹೇಳುತ್ತಿದೆ. ‘ಬೆಳಗೂ ಹೌದು, ಬೇಗೆಯೂ ಹೌದು’ ಎಂದು ಕ್ರಿಯಾಪದವನ್ನು ನಾಮಪದವಾಗಿ ಮಾಡಬಹುದು. ಆಗ ‘ಮತ್ತು’ವಿನ ಕಾಟ ತಪ್ಪಿ ಕನ್ನಡದ ‘ಊ’ ಬರುತ್ತದೆ, ಒಳ್ಳೆಯ ಅನುಪ್ರಾಸವೂ ದೊರೆಯುತ್ತದೆ, ಆದರೆ ‘ಲೂಕೆತ್’, ‘ಆರ್ದೆತ್’ಗಳ ಕೊನೆಯ ‘ಎತ್’ ಎಂಬ ಕ್ರಿಯಾಪ್ರತ್ಯಯ ಕಳೆದುಹೋಗುತ್ತದೆ. ವಿಭಕ್ತಿಯನ್ನು ಉಳಿಸಬೇಕೆಂದು ಇಷ್ಟು ದೂರ ವಾದಿಸಿದ ನಾನು ಇಲ್ಲಿ ಪ್ರತ್ಯಯವನ್ನು ಬಿಟ್ಟುಕೊಡಲು ಹಿಂಜರಿಯುತ್ತಿದ್ದೇನೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಮಂಗಳೂರು, ಉಡುಪಿ ಕಡೆಯ ಕನ್ನಡದಲ್ಲಿ, ಅದರಲ್ಲೂ ಚರ್ಚಿನ ಪ್ರಾರ್ಥನೆಗಳಲ್ಲಿ ಅಥವಾ ಯಕ್ಷಗಾನದ ಪದ್ಯಗಳಲ್ಲಿ, ಲಿಂಗವನ್ನು ಹೇಳದೆ ‘ಬೆಳಗು’, ‘ಉರಿ’ ಧಾತುಗಳನ್ನು ಪ್ರಥಮ ಪುರುಷದಲ್ಲಿ ಬಳಸಿದ ರೂಢಿ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಉದಾಹರಣೆಯೊಂದಿಗೆ ತಿಳಿಸಿ. ‘ಉರಿ’ಯ ಬದಲು ಹೊಟ್ಟೆಕಿಚ್ಚಿನ ಸೋಂಕಿಲ್ಲದ, ಆದರೆ ‘ಪ್ರಜ್ವಲಿಸು’ವಿನಷ್ಟು ಭಾರವೂ ಇಲ್ಲದ ಕನ್ನಡ ಧಾತು ಹೊಳೆದರೆ ಅದನ್ನೂ ಬರೆಯಿರಿ. ‘ವಿಶ್ವಾಸದಿಂದ, ದುಡಿಮೆಯಿಂದ’ ಎಂಬುದಕ್ಕೆ ಆಕ್ಷೇಪವಿರುವವರೂ ಹೇಳಬೇಕು. ಲೇಖನ ಮುಂದಿನ ತಿಂಗಳು ಅಚ್ಚಿಗೆ ಹೋಗುತ್ತದೆ. ಅಷ್ಟರವರೆಗೆ ಕರಡಿನ ಎರಡನೆಯ ಪುಟದಲ್ಲಿ ‘ಲೂಕೆತ್ ಎತ್ ಆರ್ದೆತ್’ ಎಂಬುದರ ಎದುರಿನ ಜಾಗವನ್ನು ಖಾಲಿ ಬಿಟ್ಟಿರುತ್ತೇನೆ.